ಕಾವಲಿಗೂ ಮೊದಲು ಕಟ್ಟುವ ಕೆಲಸ: ಕೀಟದ ಬೆಳವಣಿಗೆಯಲ್ಲಿ ರೋಗನಿರೋಧಕ ಕೋಶಗಳು

ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು, ಅಡಿಕೆ ಬೆಳೆಗಾರರು, ಜೇನು ಸಾಕುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಚಿತ್ರ ತೋರಿಸುತ್ತಾ ಹೇಳಿದ್ದನ್ನು ಓದಲಿಕ್ಕೆ ಅನುಕೂಲ ಆಗುವಂತೆ ಅಲ್ಲಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಗಾಜಿನ ಬಾಟಲಿ, ಒಂದು ಫ್ಲಾಸ್ಕ್ ಇದೆ. ಫ್ಲಾಸ್ಕಿನಲ್ಲಿ ಕಾಫಿ ಇದೆ ಅಂದುಕೊಂಡವರು ಕ್ಷಮಿಸಬೇಕು, ಬರೀ ಬಿಸಿನೀರು. ಬಾಟಲಿಯಲ್ಲಿ ಕಳಿತ ಬಾಳೆಹಣ್ಣು, ಅದರ ಮೇಲೆ ಪುಟ್ಟ ನೊಣಗಳು. ಹಲಸಿನ ಹಣ್ಣು ಬಿಡಿಸಿ ಇಟ್ಟರೆ ಸಾಕು, ಎಲ್ಲಿಂದಲೋ ಬಂದು ಮುತ್ತುತ್ತವಲ್ಲ, ಅವೇ. ವಿಜ್ಞಾನಿಗಳು ಡ್ರೊಸೊಫಿಲಾ ಅನ್ನುತ್ತಾರೆ. ಗಾಜಿನ ಗೋಡೆ ಹತ್ತುತ್ತಿರುವ ಬಿಳಿ ಹುಳುಗಳು ಇವುಗಳ ಮರಿಗಳು. ತಿಂದು ಮುಗಿಸಿ, ಪ್ಯೂಪಾ, ಅಂದರೆ ಹುಳುವಿಗೂ ನೊಣಕ್ಕೂ ನಡುವಿನ ಅಲುಗದ ಹಂತ, ಆಗಲಿಕ್ಕೆ ಒಣ ಜಾಗ ಹುಡುಕುತ್ತಿವೆ. ಇನ್ನೂ ಮೇಲೆ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿರುವುದು ಪ್ಯೂಪಾಗಳು. ಮೊಟ್ಟೆಯಿಂದ ರೆಕ್ಕೆಯ ನೊಣ ಆಗುವವರೆಗೆ, 25 ಡಿಗ್ರಿ ಬಿಸಿಯಲ್ಲಿ, ಎಲ್ಲ ಸೇರಿ 10 ದಿನದ ಆಟ. ಮೊಟ್ಟೆಯೊಳಗೆ ಒಂದು ದಿನ, ಮರಿಯಾಗಿ ಸುಮಾರು ನಾಲ್ಕು ದಿನ, ಪ್ಯೂಪಾ ಆಗಿ ನಾಲ್ಕೈದು ದಿನ.

ಈಗ ಕೆಲವು ಮರಿಗಳನ್ನು ಸ್ವಲ್ಪ ನೀರಿನ ಜೊತೆ ಈ ಸಣ್ಣ ಟ್ಯೂಬಿಗೆ ಹಾಕಿ, 60 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸುತ್ತೇನೆ. 10 ನಿಮಿಷ ಬೇಕು. ಅಷ್ಟರಲ್ಲಿ ಕೀಟದ ರಕ್ತದ ವಿಚಾರ ಮುಗಿಸೋಣ.

ಸೊಳ್ಳೆ ಹೊಡೆದಾಗ ಅಂಗೈಗೆ ಅಂಟುವ ಕೆಂಪು ನಮ್ಮದೇ ರಕ್ತ, ಸೊಳ್ಳೆಯದ್ದಲ್ಲ. ಬಹುತೇಕ ಕೀಟಗಳ ರಕ್ತಕ್ಕೆ ಬಣ್ಣ ಇರುವುದಿಲ್ಲ, ಅಥವಾ ತಿಳಿ ಹಳದಿ, ತಿಳಿ ಹಸಿರು ಇರುತ್ತದೆ. ಕೀಟ ಗಾಳಿಯನ್ನು ಸಣ್ಣ ಸಣ್ಣ ಕೊಳವೆಗಳ ಮೂಲಕ ಮೈಯ ಮೂಲೆಮೂಲೆಗೂ ನೇರವಾಗಿ ಒಯ್ಯುತ್ತದೆ. ಆಮ್ಲಜನಕ ಹೊರುವ ಕೆಲಸ ರಕ್ತಕ್ಕೆ ಇಲ್ಲ, ಹಾಗಾಗಿ ಕೆಂಪು ಕಣಗಳೂ ಇಲ್ಲ. ನಮಗಿರುವಂಥ ರಕ್ತನಾಳಗಳ ಜಾಲವೂ ಇಲ್ಲ. ಬೆನ್ನಿನ ಉದ್ದಕ್ಕೆ ಒಂದು ಕೊಳವೆ ಇದೆ, ಅದೇ ಹೃದಯ. ಅದು ರಕ್ತವನ್ನು ತಲೆಯ ಕಡೆಗೆ ತಳ್ಳುತ್ತದೆ. ಆಮೇಲೆ ರಕ್ತ ಮೈಯೊಳಗಿನ ಖಾಲಿ ಜಾಗದಲ್ಲೆಲ್ಲ ಹರಡಿಕೊಂಡು ಕರುಳು, ಸ್ನಾಯು, ನರ ಎಲ್ಲವನ್ನೂ ನೆನೆಸುತ್ತಾ ಮತ್ತೆ ಹೃದಯಕ್ಕೆ ಬರುತ್ತದೆ.

ಈ ರಕ್ತದಲ್ಲಿ ತೇಲುವ ಜೀವಕೋಶಗಳಿಗೆ ಹೀಮೋಸೈಟ್ ಅನ್ನುತ್ತಾರೆ. ನಮ್ಮ ಬಿಳಿ ರಕ್ತಕಣಗಳ ದೂರದ ನೆಂಟರು. ಈ ನೊಣದಲ್ಲಿ ಮೂರು ಬಗೆ. ಸುಮಾರು ನೂರಕ್ಕೆ 95 ಪ್ಲಾಸ್ಮಟೋಸೈಟ್‌ಗಳು. ಕಂಡಿದ್ದನ್ನು ನುಂಗುವುದು ಅವುಗಳ ಕೆಲಸ. ಸುಮಾರು 5 ಕ್ರಿಸ್ಟಲ್ ಕೋಶಗಳು. ಗಾಯವಾದ ಕಡೆ ಕಪ್ಪು ಹೊಪ್ಪಳೆ ಕಟ್ಟಿಸುವುದು ಇವು. ಮೂರನೆಯದು ಲಾಮೆಲ್ಲೋಸೈಟ್, ಅಗಲವಾದ ಚಪ್ಪಟೆ ಕೋಶ. ಆರೋಗ್ಯವಾಗಿರುವ ಮರಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಯಾವಾಗ ಹುಟ್ಟುತ್ತದೆ ಅಂತ ಮುಂದೆ ಹೇಳುತ್ತೇನೆ.

ಪಾಠ ಮಾಡುವಾಗ ನಾವು ಏನು ಹೇಳುತ್ತೇವೆ? ರೋಗಾಣು ಬಂತು, ಈ ಕೋಶಗಳು ಹೊಡೆದಾಡಿದವು, ಮೈ ಉಳಿಯಿತು. ಸೈನ್ಯ, ಶತ್ರು, ಯುದ್ಧ. ಪರೀಕ್ಷೆಗೆ ಇಷ್ಟು ಸಾಕು. ಆದರೆ ರೋಗಾಣುವೇ ಇಲ್ಲದ ಕಡೆ ಈ ಕೋಶಗಳಿಗೆ ಏನು ಕೆಲಸ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ಒಂದು ಪ್ರಯೋಗ ಹೇಳುತ್ತೇನೆ. ನೊಣದ ವಂಶವಾಹಿಯಲ್ಲಿ ಕೈಯಾಡಿಸಿ, ಬೇರೆ ಯಾವ ಕೋಶವನ್ನೂ ಮುಟ್ಟದೆ ಹೀಮೋಸೈಟ್‌ಗಳನ್ನು ಮಾತ್ರ ಸಾಯಿಸಬಹುದು. ಹೀಗೆ ಮಾಡಿದವರಿಗೆ ಬಹಳ ನೊಣಗಳು ಪ್ಯೂಪಾ ಹಂತದಲ್ಲೇ ಸಾಯುವುದು ಮೊದಲೇ ಕಂಡಿತ್ತು. ಕಾರಣ ಸುಲಭವಾಗಿ ಸಿಕ್ಕಿತು: ಕಾಯುವವರಿಲ್ಲ, ಹೊಟ್ಟೆಯ ಬ್ಯಾಕ್ಟೀರಿಯಾ ಮೈಗೆಲ್ಲ ಹಬ್ಬಿತು, ಹುಳು ಸತ್ತಿತು. ರೋಗಾಣುಗಳನ್ನು ತೆಗೆದು ಬೆಳೆಸಿದಾಗ ನೊಣಗಳು ಬದುಕಿದ್ದೂ ನಿಜ. ಅಲ್ಲಿಗೆ ಎಲ್ಲರೂ ಸುಮ್ಮನಾದರು. 2022ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ತಂಡ ಇದನ್ನೇ ಇನ್ನೂ ಬಿಗಿಯಾಗಿ ಮಾಡಿತು. ಹೀಮೋಸೈಟ್‌ಗಳು ಅರೆಬರೆ ಉಳಿಯದಂತೆ ತೆಗೆಯುವ ಹೊಸ ಉಪಾಯ ಅವರ ಹತ್ತಿರ ಇತ್ತು. ಒಂದೂ ಬ್ಯಾಕ್ಟೀರಿಯಾ ಇಲ್ಲದ ಬಾಟಲಿಯಲ್ಲಿ ಸಾಕಿದರು. ಆದರೂ ಪ್ಯೂಪಾ ಆದ ಸ್ವಲ್ಪದರಲ್ಲೇ ಹುಳುಗಳು ಸತ್ತವು. ಮರಿ ಹಂತದಲ್ಲಿ ನೋಡಿದರೆ ಕರುಳಿನ ಉದ್ದವೇ ಕಮ್ಮಿ ಇತ್ತು.

ಅಂದರೆ ಹಳೆಯ ಪ್ರಯೋಗದಲ್ಲಿ ನೊಣಗಳನ್ನು ಬದುಕಿಸಿದ್ದು ಬಹುಶಃ ಅಲ್ಲಿ ಇಲ್ಲಿ ಉಳಿದಿದ್ದ ಹೀಮೋಸೈಟ್‌ಗಳೇ. ಶತ್ರು ಇಲ್ಲದಿದ್ದರೂ ಈ ಕೋಶಗಳಿಲ್ಲದೆ ಹುಳು ನೊಣ ಆಗುವುದಿಲ್ಲ. ಹಾಗಾದರೆ ಅವು ಮಾಡುತ್ತಿದ್ದ ಕೆಲಸ ಏನು?

ಮೊಟ್ಟೆಯಿಂದ ಶುರು ಮಾಡೋಣ. ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಮೇಲಿನ ಸಿಪ್ಪೆ ತೆಗೆದರೆ ಒಳಗಿನ ಭ್ರೂಣ ಬೆಳಕಿಗೆ ಕಾಣುತ್ತದೆ. ಹೀಮೋಸೈಟ್‌ಗಳು ಮಾತ್ರ ಹಸಿರಾಗಿ ಹೊಳೆಯುವಂತೆ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಗಂಟೆಗಟ್ಟಲೆ ವಿಡಿಯೋ ತೆಗೆದಿದ್ದಾರೆ. ಪರದೆಯ ಮೇಲೆ ಕಾಣುತ್ತಿರುವುದು ಅದರ ಒಂದು ಚಿತ್ರ. ಇವು ಹುಟ್ಟುವುದು ತಲೆಯ ಹತ್ತಿರ. ಅಲ್ಲಿಂದ ಗುಂಪುಗುಂಪಾಗಿ ಹೊರಡುತ್ತವೆ. ಒಂದಷ್ಟು ನರಹುರಿಯ ಗುಂಟ, ಒಂದಷ್ಟು ಬೆನ್ನ ಕಡೆಯಿಂದ. ಮೊಟ್ಟೆ ಇಟ್ಟ ಅರ್ಧ ದಿನ ಕಳೆದು ಸ್ವಲ್ಪ ಹೊತ್ತಿಗೆಲ್ಲ ತಲೆಯಿಂದ ಬಾಲದವರೆಗೆ ಹರಡಿಕೊಂಡಿರುತ್ತವೆ. ಒಟ್ಟು ಸುಮಾರು 700 ಕೋಶಗಳು, ಅಷ್ಟೇ.

ಸಿಪ್ಪೆಯೊಳಗೆ ಮುಚ್ಚಿಟ್ಟ ಭ್ರೂಣಕ್ಕೆ ರೋಗಾಣುವಿನ ಕಾಟ ಇಲ್ಲ. ಆದರೂ ಈ 700ಕ್ಕೆ ಬಿಡುವಿಲ್ಲ. ಮೊದಲ ಕೆಲಸ ಸತ್ತವರನ್ನು ನುಂಗುವುದು. ಮೈ ಕಟ್ಟುವಾಗ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಕೋಶಗಳು ಹುಟ್ಟುತ್ತವೆ, ಆಮೇಲೆ ಬೇಡದವು ತಾವಾಗಿಯೇ ಸಾಯುತ್ತವೆ. ನರಗಳ ಸುತ್ತ ಇಂಥ ಹೆಣಗಳು ಬಹಳ. ಹೀಮೋಸೈಟ್ ಅವುಗಳನ್ನು ಒಂದೊಂದಾಗಿ ಹಿಡಿದು ಒಳಗೆ ಹಾಕಿಕೊಳ್ಳುತ್ತದೆ. ಈ ಚಿತ್ರದಲ್ಲಿ ನೋಡಿ, ಹಸಿರು ಕೋಶದ ಹೊಟ್ಟೆಯಲ್ಲಿ ಕಪ್ಪು ಕಪ್ಪು ಗುಂಡಿಗಳು ಕಾಣುತ್ತವಲ್ಲ? ಪ್ರತಿಯೊಂದೂ ನುಂಗಿದ ಒಂದು ಸತ್ತ ಕೋಶ. ನಾಲ್ಕೈದು ಗುಂಡಿ ತುಂಬಿಕೊಂಡೇ ಮತ್ತೆ ಮುಂದಕ್ಕೆ ಹೊರಟಿದೆ.

ಎರಡನೆಯ ಕೆಲಸ ನನಗೆ ಇದಕ್ಕಿಂತ ಇಷ್ಟ. ನಮ್ಮ ಮೈಯಲ್ಲಾಗಲಿ ನೊಣದ ಮೈಯಲ್ಲಾಗಲಿ, ಪ್ರತಿ ಅಂಗದ ಅಡಿಗೆ, ಸುತ್ತಲಿಗೆ ಒಂದು ತೆಳ್ಳನೆಯ ಹಾಸು ಇರುತ್ತದೆ. ಅದನ್ನು ತಳಹಾಸು ಅನ್ನೋಣ. ಅದು ಕೋಶ ಅಲ್ಲ, ಕೋಶಗಳು ಹೊರಗೆ ಹಾಕಿದ ಪ್ರೋಟೀನುಗಳ ಹೆಣಿಗೆ. ಲ್ಯಾಮಿನಿನ್, ಕೊಲಾಜೆನ್ ಅದರಲ್ಲಿ ಮುಖ್ಯ. ಅಂಗಕ್ಕೆ ಆಕಾರ ನಿಲ್ಲುವುದೇ ಇದರ ಮೇಲೆ. ಭ್ರೂಣದಲ್ಲಿ ಈ ಹಾಸಿನ ಸಾಮಾನು ಒದಗಿಸುವುದು ಬಹುಪಾಲು ಹೀಮೋಸೈಟ್‌ಗಳು. ಒಂದೇ ಕಡೆ ಕೂತು ಸುರಿಯುವುದಿಲ್ಲ. ಅಡಿಕೆ ಒಣಗಿಸುವ ಅಂಗಳಕ್ಕೆ ಸಗಣಿ ಸಾರಿಸುವವರು ಸಾರಿಸುತ್ತಾ ಸಾರಿಸುತ್ತಾ ಸರಿಯುತ್ತಾರಲ್ಲ, ಹಾಗೆ ಓಡಾಡುತ್ತಲೇ ಹಚ್ಚುತ್ತಾ ಹೋಗುತ್ತವೆ. ಅವುಗಳ ಓಡಾಟ ತಡೆದರೆ ಹಾಸು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ.

ಹಾಸು ಸರಿ ಬೀಳದಿದ್ದರೆ ಏನಾಗುತ್ತದೆ? ಎರಡು ಉದಾಹರಣೆ ಸಾಕು. ಭ್ರೂಣದ ನರಹುರಿ ಮೊದಲು ಮೈಯಷ್ಟೇ ಉದ್ದ ಇರುತ್ತದೆ, ಆಮೇಲೆ ಕುಗ್ಗಿ ಗಿಡ್ಡ ಆಗಬೇಕು. ಹೀಮೋಸೈಟ್‌ಗಳು ಅಲ್ಲಿಗೆ ಹೋಗದಂತೆ ಮಾಡಿದರೆ ಹುರಿ ಸರಿಯಾಗಿ ಕುಗ್ಗುವುದಿಲ್ಲ. ಇನ್ನೊಂದು, ಮಾಲ್ಪೀಘಿ ನಾಳಗಳು. ಕೀಟದ ಮೂತ್ರಪಿಂಡ ಅಂತ ಪಿಯುಸಿಯಲ್ಲಿ ಓದಿರುತ್ತೀರಿ. 1669ರಲ್ಲೇ ರೇಷ್ಮೆಹುಳ ಕೊಯ್ದು ಪುಸ್ತಕ ಬರೆದ ಇಟಲಿಯ ಮಾಲ್ಪೀಘಿಯ ಹೆಸರು ಅದಕ್ಕಿದೆ. ನೊಣದಲ್ಲಿ ಇವು ಎರಡು ಜೊತೆ. ಮುಂದಿನ ಜೊತೆ ಬೆಳೆಯುತ್ತಾ ತಲೆಯ ಕಡೆಗೆ ಚಾಚಬೇಕು. ಚಾಚುವ ಹೊತ್ತಿಗೆ ಹೀಮೋಸೈಟ್‌ಗಳು ಬಂದು ಅದರ ಮೇಲೆ ಕೊಲಾಜೆನ್ ಹಚ್ಚುತ್ತವೆ. ಆ ಕೊಲಾಜೆನ್ ಇದ್ದರೆ ಮಾತ್ರ ದಾರಿ ತೋರಿಸುವ ಸಂಕೇತ ನಾಳಕ್ಕೆ ಸರಿಯಾಗಿ ಮುಟ್ಟುತ್ತದೆ. ಇಲ್ಲದಿದ್ದರೆ ನಾಳ ಎತ್ತಲೋ ತಿರುಗಿಕೊಳ್ಳುತ್ತದೆ.

ಇನ್ನೂ ಒಂದು ಸಂಗತಿ ಇದೆ, 2016ರದ್ದು. ಬ್ರಿಟನ್ನಿನ ವಿಜ್ಞಾನಿಗಳು ಕೋಶಗಳು ಸಾಯುವುದೇ ಇಲ್ಲದ ಭ್ರೂಣ ತೆಗೆದುಕೊಂಡರು. ಅಲ್ಲಿ ಹೀಮೋಸೈಟ್‌ಗಳಿಗೆ ನುಂಗಲಿಕ್ಕೆ ಹೆಣವೇ ಸಿಗಲಿಲ್ಲ. ಆ ಭ್ರೂಣಕ್ಕೆ ಸಣ್ಣ ಗಾಯ ಮಾಡಿದರು. ಮಾಮೂಲಿ ಭ್ರೂಣದಲ್ಲಿ ಹೀಮೋಸೈಟ್‌ಗಳು ಗಾಯದ ಕಡೆ ಓಡಿ ಬರುತ್ತವೆ. ಇವು ಅತ್ತ ತಲೆಯೇ ಹಾಕಲಿಲ್ಲ. ಬ್ಯಾಕ್ಟೀರಿಯಾ ಬಿಟ್ಟರೂ ಅಷ್ಟೇ. ಒಂದು ಹೆಣ ನುಂಗಿದ ಮೇಲೆ ಕೋಶದಲ್ಲಿ ಡ್ರೇಪರ್ ಎಂಬ ಪ್ರೋಟೀನು ಜಾಸ್ತಿ ಆಗುತ್ತದೆ. ಗಾಯ, ರೋಗಾಣು ಗುರುತಿಸಲಿಕ್ಕೆ ಅದೇ ಬೇಕು. ಮೈ ಕಟ್ಟುವ ಕೆಲಸದಲ್ಲಿ ಕೈ ಪಳಗಿದ ಮೇಲೇ ಅವು ಕಾವಲಿಗೆ ಲಾಯಕ್ಕಾಗುವುದು. ನಮ್ಮ ಪಠ್ಯಪುಸ್ತಕ ಇದನ್ನು ಉಲ್ಟಾ ಹೇಳುತ್ತದೆ ಅನ್ನುವುದು ನನ್ನ ತಕರಾರು.

10 ನಿಮಿಷ ಆಗಿದೆ. ಟ್ಯೂಬಿನಲ್ಲಿದ್ದ ಮರಿಗಳನ್ನು ಕ್ಯಾಮೆರಾ ಕೆಳಗೆ ಇಡುತ್ತೇನೆ. ಹಿಂದೆ ಕೂತವರಿಗೂ ಕಾಣುತ್ತಿದೆಯಾ? ಬಿಳಿ ಮೈಯ ತುಂಬ ಕಪ್ಪು ಚುಕ್ಕೆಗಳು. ಬಾಲದ ಕಡೆ ಜಾಸ್ತಿ. ಒಂದೊಂದು ಚುಕ್ಕೆಯೂ ಒಂದು ಕ್ರಿಸ್ಟಲ್ ಕೋಶ. ಅದರೊಳಗೆ ಮೆಲನಿನ್ ಎಂಬ ಕಪ್ಪು ಬಣ್ಣ ತಯಾರಿಸುವ ಕಿಣ್ವ ಸುಪ್ತವಾಗಿ ಕೂತಿರುತ್ತದೆ. ಬಿಸಿ ತಾಗಿದಾಗ ಅದು ಎದ್ದು, ಕೋಶ ಇದ್ದಲ್ಲೇ ಕಪ್ಪಾಯಿತು. ಪ್ರಯೋಗಾಲಯದಲ್ಲಿ ಕ್ರಿಸ್ಟಲ್ ಕೋಶ ಎಣಿಸುವುದು ಹೀಗೇ. ರಾಮನಗರದ ಕಡೆ ರೇಷ್ಮೆ ಸಾಕುವವರು ಊಜಿ ನೊಣದ ಮರಿ ಹೊಕ್ಕ ಹುಳುವಿನ ಮೈಮೇಲೆ ನೋಡುವ ಕರೀ ಕಲೆಯೂ ಇದೇ ಮೆಲನಿನ್.

ಇನ್ನೊಂದು ಗಮನಿಸಿ. ಚುಕ್ಕೆಗಳು ಚೆಲ್ಲಾಪಿಲ್ಲಿ ಇಲ್ಲ. ಮರಿಯಲ್ಲಿ ಬಹಳಷ್ಟು ಹೀಮೋಸೈಟ್‌ಗಳು ರಕ್ತದಲ್ಲಿ ತೇಲುವ ಬದಲು ಚರ್ಮದ ಒಳಗೆ, ಮೈಯ ಒಂದೊಂದು ಖಂಡದಲ್ಲೂ ಸಾಲಾಗಿ ಅಂಟಿಕೊಂಡಿರುತ್ತವೆ. ಅಲ್ಲೇ ನರದ ಕೋಶಗಳೂ ಇವೆ. ಆ ನರಕೋಶಗಳ ಆಸರೆಯಲ್ಲೇ ಹೀಮೋಸೈಟ್‌ಗಳು ಮರಿ ಹಾಕಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ನರಕ್ಕೂ ರಕ್ತಕೋಶಕ್ಕೂ ಇರುವ ಈ ನಂಟಿನ ಬಗ್ಗೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಟೀನಾ ಮುಖರ್ಜಿ ಅವರ ತಂಡ 2020ರಲ್ಲಿ ಚೆನ್ನಾದ ಸಂಗತಿಯೊಂದನ್ನು ತೋರಿಸಿತು. ಈ ನೊಣದ ಮರಿಯ ಮೈಯೊಳಗೆ ಮೊಟ್ಟೆ ಇಡುವ ಸಣ್ಣ ಕಣಜಗಳಿವೆ. ಅಂಥ ಕಣಜದ ವಾಸನೆ ಇರುವ ಕಡೆ ಬೆಳೆದ ಮರಿ, ಕಣಜ ಚುಚ್ಚುವ ಮೊದಲೇ ತಯಾರಾಗಿರುತ್ತದೆ. ವಾಸನೆ ಮೂಗಿನ ನರಕ್ಕೆ ಹೋಗಿ, ಮಿದುಳಿನಿಂದ ಗಾಬಾ ಎಂಬ ರಾಸಾಯನಿಕ ರಕ್ತಕ್ಕೆ ಬಂದು, ಅದು ರಕ್ತಕೋಶಗಳ ತಾಯಿಕೋಶಗಳಿಗೆ ಮುಟ್ಟುತ್ತದೆ. ಆಮೇಲೆ ಕಣಜ ನಿಜವಾಗಿ ಚುಚ್ಚಿದರೆ ಲಾಮೆಲ್ಲೋಸೈಟ್‌ಗಳು ಬೇಗ ಹುಟ್ಟಿಕೊಳ್ಳುತ್ತವೆ. ಆಗ ಹೇಳಿದ ಮೂರನೆಯ ಬಗೆ ಇದೇ. ಅಗಲವಾದ ಆ ಕೋಶಗಳು ಕಣಜದ ಮೊಟ್ಟೆಯ ಸುತ್ತ ಪದರ ಪದರವಾಗಿ ಸುತ್ತಿಕೊಂಡು, ಮೆಲನಿನ್ ಸುರಿದು, ಅದನ್ನು ಉಸಿರುಗಟ್ಟಿಸುತ್ತವೆ.

ಇಲ್ಲಿ ಒಂದು ಲೆಕ್ಕಾಚಾರ ಇದೆ. ಮರಿ ನಾಲ್ಕು ದಿನದಲ್ಲಿ ಸುಮಾರು 200 ಪಟ್ಟು ತೂಕ ಹೆಚ್ಚಿಸಿಕೊಳ್ಳಬೇಕು. ತಿಂದದ್ದೆಲ್ಲ ಬೆಳೆಯಲಿಕ್ಕೇ ಬೇಕು. ಅದೇ ಹೊತ್ತಿಗೆ ಮೈಗೆ ನುಗ್ಗಿದ ಕಣಜದ ಮೊಟ್ಟೆಯ ಜೊತೆ ಸೆಣಸಲಿಕ್ಕೂ ಸಕ್ಕರೆ ಬೇಕು. ಸಕ್ಕರೆ ಯಾರಿಗೆ? ಝೆಕ್ ದೇಶದ ವಿಜ್ಞಾನಿಗಳು 2015ರಲ್ಲಿ ಉತ್ತರ ಕೊಟ್ಟರು. ಸೆಣಸಾಟಕ್ಕಿಳಿದ ರೋಗನಿರೋಧಕ ಕೋಶಗಳೇ ಅಡಿನೋಸಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಉಳಿದ ಅಂಗಗಳು ಅದನ್ನು ಗ್ರಹಿಸಿ ಬೆಳೆಯುವುದನ್ನು ನಿಧಾನ ಮಾಡುತ್ತವೆ. ಉಳಿತಾಯವಾದ ಸಕ್ಕರೆ ರಕ್ತಕೋಶಗಳಿಗೆ ಹೋಗುತ್ತದೆ. ಮರಿ ಪ್ಯೂಪಾ ಆಗುವುದು ತಡ ಆಗುತ್ತದೆ. ಅಡಿನೋಸಿನ್ ಸಂಕೇತ ಕೆಡಿಸಿದರೆ ಬೆಳವಣಿಗೆ ತಡ ಆಗುವುದಿಲ್ಲ, ಆದರೆ ಕಣಜದ ಎದುರು ಮರಿ ಸೋಲುತ್ತದೆ. ಮೈ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಅನ್ನುವುದರಲ್ಲೂ ಈ ಕೋಶಗಳ ಮಾತು ನಡೆಯುತ್ತದೆ.

ಹೀಗೊಂದು ಅನುಮಾನ ಬಹಳ ಹಿಂದೆಯೇ ಒಬ್ಬರಿಗೆ ಬಂದಿತ್ತು. ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್. ಅವರು ಕೆಲಸ ಮಾಡಿದ್ದು ರೊಡ್ನಿಯಸ್ ಎಂಬ ದಕ್ಷಿಣ ಅಮೆರಿಕದ ರಕ್ತ ಹೀರುವ ತಿಗಣೆಯ ಮೇಲೆ. ಪ್ರಯೋಗಕ್ಕೆ ಹೇಳಿ ಮಾಡಿಸಿದ ಪ್ರಾಣಿ. ಒಂದು ಸಲ ಹೊಟ್ಟೆ ಬಿರಿಯುವಷ್ಟು ರಕ್ತ ಕುಡಿದರೆ ಮುಂದೆ ಪೊರೆ ಬಿಡುತ್ತದೆ, ದಿನ ಲೆಕ್ಕ ಹಾಕಿ ಹೇಳಬಹುದು. 1955ರಲ್ಲಿ ಅವರು ಊಟ ಆದ ಕೂಡಲೇ ತಿಗಣೆಯ ಮೈಗೆ ಕಪ್ಪು ಶಾಯಿ ಚುಚ್ಚಿದರು. ಶಾಯಿಯ ಕಣಗಳನ್ನು ನುಂಗಿ ನುಂಗಿ ಹೀಮೋಸೈಟ್‌ಗಳ ಹೊಟ್ಟೆ ತುಂಬಿಹೋಯಿತು. ಪೊರೆ ಬಿಡುವುದು ಬಹಳ ತಡ ಆಯಿತು. ಶಾಯಿ ಹಾಕಿದರೆ ಹುಳುವಿಗೆ ಬೇರೆ ತೊಂದರೆಯೂ ಆಗಬಹುದಲ್ವಾ ಅಂತ ನೀವು ಕೇಳಬಹುದು. ಅದಕ್ಕೇ ಅವರು ಕೆಲವು ದಿನ ಬಿಟ್ಟು ಚುಚ್ಚಿಯೂ ನೋಡಿದರು. ಆಗ ಏನೂ ವ್ಯತ್ಯಾಸ ಆಗಲಿಲ್ಲ. ಹಾಗಾಗಿ ಊಟ ಆದ ಮೊದಲ ದಿನಗಳಲ್ಲಿ, ಪೊರೆ ಬಿಡಿಸುವ ಹಾರ್ಮೋನಿನ ಗ್ರಂಥಿಗೆ ಹೀಮೋಸೈಟ್‌ಗಳಿಂದ ಏನೋ ಸಹಾಯ ಸಿಗುತ್ತಿರಬೇಕು ಅಂತ ಅವರು ಬರೆದರು. ವಂಶವಾಹಿ ತಿದ್ದುವ ಸೌಕರ್ಯ ಇಲ್ಲದ ಕಾಲದಲ್ಲಿ ಒಂದು ಸೂಜಿ, ಒಂದಿಷ್ಟು ಶಾಯಿಯಲ್ಲಿ ಇಷ್ಟು ದೂರ ಹೋದರು.

ಆ ಹಾರ್ಮೋನು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಾಗಳಿಂದ ಅದನ್ನು ಬೇರ್ಪಡಿಸಿದರು. ಸಿಕ್ಕಿದ್ದು 25 ಮಿಲಿಗ್ರಾಂ. ಮರಿ ಪ್ಯೂಪಾ ಆಗುವಾಗ ರಕ್ತದಲ್ಲಿ ಎಕ್ಡೈಸೋನ್ ಒಮ್ಮೆಲೇ ಏರುತ್ತದೆ. ಹೀಮೋಸೈಟ್‌ಗಳ ನಡವಳಿಕೆಯೇ ಬದಲಾಗುತ್ತದೆ. ಅದುವರೆಗೆ ಚರ್ಮಕ್ಕೆ ಅಂಟಿ ಕೂತಿದ್ದವು ಎದ್ದು ಓಡಾಡಲಿಕ್ಕೆ ಶುರು ಮಾಡುತ್ತವೆ. ಮರಿಯ ಹೃದಯದ ಪಕ್ಕ ಲಿಂಫ್ ಗ್ರಂಥಿ ಅಂತ ಒಂದು ಪುಟ್ಟ ಅಂಗ ಇದೆ, ರಕ್ತಕೋಶಗಳ ಎರಡನೆಯ ತವರು. ಅದೂ ಆಗಲೇ ಒಡೆದು ಒಳಗಿದ್ದ ಕೋಶಗಳನ್ನೆಲ್ಲ ಹೊರಗೆ ಬಿಡುತ್ತದೆ.

ಯಾಕೆ ಅಂದರೆ ಒಳಗೆ ದೊಡ್ಡ ಕೆಡವುವ ಕೆಲಸ ಶುರುವಾಗಿದೆ. ಹರಿದಾಡುವ ಮರಿಯ ಸ್ನಾಯುಗಳು ಹಾರುವ ನೊಣಕ್ಕೆ ಪ್ರಯೋಜನ ಇಲ್ಲ. ರೆಕ್ಕೆ, ಕಾಲು, ಕಣ್ಣು ಹೊಸದಾಗಿ ಬರಬೇಕು. 1887ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಾಲೆವ್‌ಸ್ಕಿ ನೊಣದ ಪ್ಯೂಪಾಗಳನ್ನು ಕೊಯ್ದು ನೋಡಿ, ಹಳೆಯ ಸ್ನಾಯುಗಳ ಒಳಗೆ ರಕ್ತಕೋಶಗಳು ನುಗ್ಗಿ ತುಂಡುಗಳನ್ನು ನುಂಗುತ್ತಿರುವುದನ್ನು ಬರೆದರು. ಆದರೆ ಎಲ್ಲವನ್ನೂ ಇವೇ ನುಂಗುತ್ತವೆ ಅನ್ನುವುದು ಸರಿಯಲ್ಲ. ಮರಿಯ ಜೊಲ್ಲುಗ್ರಂಥಿ, ಹಳೆಯ ಕರುಳು ಬಹುಪಾಲು ತಮ್ಮನ್ನು ತಾವೇ ಜೀರ್ಣ ಮಾಡಿಕೊಂಡು ಕರಗುತ್ತವೆ. ಮಿದುಳಿನೊಳಗೆ ಹಳೆಯ ನರತಂತುಗಳನ್ನು ಕತ್ತರಿಸಿ ನುಂಗುವುದು ಅಲ್ಲಿನ ಗ್ಲಿಯಾ ಎಂಬ, ನರಕೋಶಗಳಿಗೆ ನೆರವಾಗುವ ಕೋಶಗಳು. ತಮಾಷೆ ಅಂದರೆ ಅವೂ ಬಳಸುವುದು ಅದೇ ಡ್ರೇಪರ್ ಪ್ರೋಟೀನನ್ನು.

ಕೊವಾಲೆವ್‌ಸ್ಕಿಯ ಗೆಳೆಯ ಇಲ್ಯಾ ಮೆಚ್ನಿಕೋವ್. 1908ರ ನೊಬೆಲ್ ಸಿಕ್ಕವರು. ಇಟಲಿಯ ಮೆಸ್ಸಿನಾದಲ್ಲಿ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತಿಕೊಂಡಿದ್ದನ್ನು ನೋಡಿದ ಕಥೆ ನಿಮಗೆ ಗೊತ್ತಿರಬಹುದು. ರೋಗನಿರೋಧಕ ಶಾಸ್ತ್ರ ಶುರುವಾಗಿದ್ದೇ ಆ ಮುಳ್ಳಿನಿಂದ ಅನ್ನುತ್ತಾರೆ. ಬಿಟ್ಟುಹೋಗುವ ಮಾತು ಏನೆಂದರೆ, ಮೆಚ್ನಿಕೋವ್ ವೈದ್ಯರಲ್ಲ. ಭ್ರೂಣ ಹೇಗೆ ಬೆಳೆಯುತ್ತದೆ ಅಂತ ಓದಿಕೊಂಡಿದ್ದವರು. 1867ರಲ್ಲಿ ಇಬ್ಬರು ಗೆಳೆಯರಿಗೂ ಸೇರಿ ಬಂದ ಬೇರ್ ಪ್ರಶಸ್ತಿ ಭ್ರೂಣಶಾಸ್ತ್ರಕ್ಕೇ. ಸಮುದ್ರಪ್ರಾಣಿಗಳ ಮರಿ ರೂಪ ಬದಲಿಸುವಾಗ, ಕಪ್ಪೆಮರಿಯ ಬಾಲ ಕರಗುವಾಗ ಅಲೆಮಾರಿ ಕೋಶಗಳು ಬೇಡದ್ದನ್ನು ತಿನ್ನುತ್ತವೆ ಅನ್ನುವುದರ ಮೇಲೂ ಅವರು ಆಗಲೇ ಬರೆಯುತ್ತಿದ್ದರು. ಬೆಳವಣಿಗೆ, ರೋಗ ಎರಡೂ ಅವರಿಗೆ ಒಂದೇ ಪ್ರಶ್ನೆ ಆಗಿತ್ತು. ಆಮೇಲೆ ಬಂದ ನಾವು ಎರಡು ಡಿಪಾರ್ಟ್‌ಮೆಂಟ್ ಮಾಡಿಕೊಂಡೆವು.

ನಮ್ಮ ಹಿತ್ತಲಿಗೆ ಬರೋಣ. ಗಿಡದ ಮೇಲೆ ಹಸಿರು ಹುಳುವೊಂದು ಅಲ್ಲಾಡದೆ ಕೂತಿರುತ್ತದೆ, ಬೆನ್ನ ತುಂಬ ಬಿಳೀ ಅಕ್ಕಿಕಾಳಿನಂಥದ್ದು. ಬಹಳ ಜನ ಅದನ್ನು ಹುಳುವಿನ ಮೊಟ್ಟೆ ಅಂದುಕೊಂಡು ಹೊಸಕಿ ಹಾಕುತ್ತಾರೆ. ಅವು ಕೊಟೀಸಿಯಾ ಜಾತಿಯ ಪುಟ್ಟ ಕಣಜಗಳ ಗೂಡುಗಳು. ತಾಯಿ ಕಣಜ ಹುಳುವಿನೊಳಗೆ ಮೊಟ್ಟೆ ಇಡುವಾಗ ಜೊತೆಗೆ ವೈರಸ್ಸನ್ನೂ ಚುಚ್ಚುತ್ತದೆ. ಆ ವೈರಸ್ ಸುಮಾರು 10 ಕೋಟಿ ವರ್ಷದಿಂದ ಕಣಜದ ವಂಶವಾಹಿಯ ಭಾಗವೇ ಆಗಿಬಿಟ್ಟಿದೆ. ಹುಳುವಿನ ಹೀಮೋಸೈಟ್‌ಗಳು ಅದಕ್ಕೆ ಸಿಕ್ಕಿ ಕೆಲವು ಸಾಯುತ್ತವೆ, ಉಳಿದವು ಅಂಟುವ ಶಕ್ತಿ ಕಳೆದುಕೊಳ್ಳುತ್ತವೆ. ಮೊಟ್ಟೆಯ ಸುತ್ತ ಕವಚ ಕಟ್ಟುವವರೇ ಇಲ್ಲ. ಇನ್ನೊಂದು ಕಡೆಯಿಂದ ಹುಳುವಿನ ಹಾರ್ಮೋನು ಲೆಕ್ಕವೂ ತಪ್ಪುತ್ತದೆ. ಹುಳು ಪ್ಯೂಪಾ ಆಗುವುದೇ ಇಲ್ಲ. ಕಣಜದ ಮರಿಗಳು ಒಳಗೆ ಬೆಳೆದು, ಚರ್ಮ ತೂತು ಮಾಡಿ ಹೊರಬಂದು, ಅದರ ಬೆನ್ನ ಮೇಲೇ ಗೂಡು ನೇಯುತ್ತವೆ. ಹುಳು ಆಮೇಲೂ ಕೆಲವು ದಿನ ತಿನ್ನದೆ, ಬೆಳೆಯದೆ ಸುಮ್ನೆ ಕೂತಿರುತ್ತದೆ. ಹಾಗಾಗಿ ಅಂಥ ಹುಳು ಕಂಡರೆ ಹೊಸಕಬೇಡಿ. ಬಿಟ್ಟರೆ ಅದರಿಂದ ಹೊರಡುವ ಕಣಜಗಳು ಇನ್ನಷ್ಟು ಹುಳುಗಳನ್ನು ಹುಡುಕಿಕೊಂಡು ಹೋಗುತ್ತವೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು: "ಸರ್, ಅಡಿಕೆ ಬೇರುಹುಳಕ್ಕೆ ಇದರಿಂದ ಏನಾದರೂ ಪ್ರಯೋಜನ ಇದೆಯಾ?"

ಇದೆ, ನೀವಾಗಲೇ ಬಳಸುತ್ತಿರಬಹುದು. ಬೇರುಹುಳಕ್ಕೆ, ಅಂದರೆ ಗೊಣ್ಣೆಹುಳಕ್ಕೆ, ಮಣ್ಣಿಗೆ ಹಾಕುವ ನೆಮಟೋಡ್‌ಗಳಿವೆಯಲ್ಲ, ಅವು ಕೆಲಸ ಮಾಡುವುದೇ ಹೀಮೋಸೈಟ್‌ಗಳನ್ನು ಕೆಡಿಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತು ಗೊಣ್ಣೆಹುಳದ ಬಾಯಿಂದಲೋ ಉಸಿರಿನ ತೂತಿನಿಂದಲೋ ಒಳಗೆ ಹೋಗಿ, ತನ್ನ ಹೊಟ್ಟೆಯಲ್ಲಿದ್ದ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ಬಿಡುತ್ತದೆ. ಆ ಬ್ಯಾಕ್ಟೀರಿಯಾ ಹೀಮೋಸೈಟ್‌ಗಳು ನುಂಗದಂತೆ ತಡೆಯುತ್ತದೆ, ಕೆಲವನ್ನು ಕೊಲ್ಲುತ್ತದೆ. ಎರಡು ಮೂರು ದಿನದಲ್ಲಿ ಹುಳ ಸಾಯುತ್ತದೆ. ಹೆಟೆರೊರಾಬ್ಡಿಟಿಸ್ ಜಾತಿಯದ್ದು ಹಾಕಿದ್ದರೆ ಸತ್ತ ಹುಳ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಮಣ್ಣು ಅಗೆದು ನೋಡಿದಾಗ ಕೆಂಪು ಹುಳ ಸಿಕ್ಕರೆ ಔಷಧಿ ಹತ್ತಿದೆ ಅಂತ ಲೆಕ್ಕ. ಒಂದೇ ಮಾತು, ಒಣ ಮಣ್ಣಿಗೆ, ಮಧ್ಯಾಹ್ನದ ಬಿಸಿಲಿಗೆ ಹಾಕಬೇಡಿ. ಜಂತು ಒಣಗಿ ಸಾಯುತ್ತದೆ. ಸಂಜೆ, ಮಣ್ಣು ಹಸಿ ಇದ್ದಾಗ ಹಾಕಿ.

ಜೇನು ಸಾಕುವ ಒಬ್ಬ ಅಕ್ಕ: "ಜೇನುಹುಳಕ್ಕೂ ಇದೆಲ್ಲ ಇರುತ್ತಾ?"

ಇರುತ್ತದೆ. ಅದರಲ್ಲೂ ಒಂದು ವಿಶೇಷ ಇದೆ ಅಕ್ಕ. ಗೂಡಿನೊಳಗೆ ಮರಿ ನೋಡಿಕೊಳ್ಳುವ ಕೆಲಸಗಾರ ಜೇನಿನಲ್ಲಿ ಹೀಮೋಸೈಟ್‌ಗಳು ಚೆನ್ನಾಗಿರುತ್ತವೆ. ಅದೇ ಜೇನು ಹೂವಿಗೆ ಹೋಗಲಿಕ್ಕೆ ಶುರು ಮಾಡಿದ ಮೇಲೆ ಅವು ಬಹಳ ಕಮ್ಮಿ ಆಗುತ್ತವೆ. ವಯಸ್ಸಾಯಿತು ಅಂತ ತಿಳಿಯಬಹುದು. ಆದರೆ ಗೂಡಿನಿಂದ ಮರಿ ನೋಡುವ ಈ ದಾದಿ ಜೇನುಗಳನ್ನೆಲ್ಲ ತೆಗೆದುಬಿಟ್ಟರೆ, ಹೂವಿಗೆ ಹೋಗುತ್ತಿದ್ದ ಹಳೆಯ ಜೇನುಗಳೇ ಕೆಲವು ವಾಪಸ್ ಮರಿ ನೋಡುವ ಕೆಲಸಕ್ಕೆ ಬರುತ್ತವೆ. ಆಗ ಅವುಗಳ ಹೀಮೋಸೈಟ್‌ಗಳು ಮತ್ತೆ ಹೆಚ್ಚಾಗುತ್ತವೆ. 2005ರಲ್ಲಿ ಯೂರೋಪಿನ ಜೇನಿನ ಮೇಲೆ ಇದನ್ನು ತೋರಿಸಿದ್ದಾರೆ.

ಬಿಎಸ್‌ಸಿ ವಿದ್ಯಾರ್ಥಿನಿ: "ಮನುಷ್ಯರಲ್ಲೂ ಈ ಕೋಶಗಳು ಮೈ ಕಟ್ಟುತ್ತವಾ ಸರ್?"

ಖಂಡಿತ. ಕೈ ಬೆರಳು ನೋಡಿಕೊಳ್ಳಮ್ಮ. ಹೊಟ್ಟೆಯಲ್ಲಿದ್ದಾಗ ಬೆರಳುಗಳ ಮಧ್ಯೆ ಚರ್ಮ ಇತ್ತು. ಅಲ್ಲಿನ ಕೋಶಗಳು ಸತ್ತವು. ಇಲಿಯ ಭ್ರೂಣದಲ್ಲಿ ನೋಡಿದ್ದಾರೆ, ಅವುಗಳನ್ನು ತೆಗೆಯಲಿಕ್ಕೆ ಬರುವುದು ಮ್ಯಾಕ್ರೋಫೇಜ್‌ಗಳು, ಅಂದರೆ ಕಂಡಿದ್ದನ್ನು ನುಂಗುವ ರೋಗನಿರೋಧಕ ಕೋಶಗಳು. ಮಿದುಳಿನಲ್ಲಿ ಬೇಡದ್ದನ್ನು ನುಂಗುವ ಮೈಕ್ರೋಗ್ಲಿಯಾ, ಮೂಳೆ ಕೆರೆದು ಆಕಾರ ಕೊಡುವ ಆಸ್ಟಿಯೋಕ್ಲಾಸ್ಟ್, ಎಲ್ಲ ಅದೇ ಬಳಗ.

ಹಿಂದಿನ ಸಾಲಿನಿಂದ ಒಬ್ಬರು: "ಮಂಗನ ಕಾಯಿಲೆಯ ಉಣುಗಿಗೂ ಇದು ಅನ್ವಯ ಆಗುತ್ತಾ?"

ಉಣುಗು ಕೀಟ ಅಲ್ಲ, ಅದಕ್ಕೆ ಎಂಟು ಕಾಲು, ಜೇಡನ ಕಡೆಯದು. ಆದರೆ ಹೀಮೋಸೈಟ್ ಅದಕ್ಕೂ ಇದೆ. ಪ್ಯೂಪಾ ಹಂತ ಇಲ್ಲ. ಆರು ಕಾಲಿನ ಮರಿ ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ಎಂಟು ಕಾಲಿನ ನಿಂಫ್ ಆಗುತ್ತದೆ. ನಿಂಫ್ ಮತ್ತೊಮ್ಮೆ ಕುಡಿದು ಪೊರೆ ಬಿಟ್ಟರೆ ದೊಡ್ಡ ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಯ ವೈರಸ್, ಉಣುಗು ಪೊರೆ ಬಿಟ್ಟರೂ ಹೋಗುವುದಿಲ್ಲ, ಮುಂದಿನ ಹಂತಕ್ಕೂ ಜೊತೆಗೇ ದಾಟುತ್ತದೆ. ಮರಿಯಾಗಿದ್ದಾಗ ಸೋಂಕಿನ ಮಂಗನ ರಕ್ತ ಕುಡಿದದ್ದು, ನಿಂಫ್ ಆಗಿ ನಮ್ಮನ್ನು ಕಚ್ಚುತ್ತದೆ. ಕಾಯಿಲೆ ಜನರಿಗೆ ಹೆಚ್ಚಾಗಿ ಹರಡುವುದು ನಿಂಫ್‌ಗಳಿಂದ. ಬೇಸಿಗೆ ಮುಗಿಯುವ ತನಕ ದರಕಿಗೆ, ಸೊಪ್ಪಿಗೆ ಕಾಡಿಗೆ ಹೋಗುವವರು ಮೈಗೆ ಉಣುಗು ಕಚ್ಚದಂತೆ ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ.